ವಾಚಿನ ಗಾಜಿನ ಮೇಲೆ ಗೀರು: ಉಜ್ಜುವ ಮುನ್ನ ಗಾಜು ಯಾವುದೆಂದು ಅರಿಯಿರಿ

ವಾಚಿನ ಗಾಜಿನ ಮೇಲೆ ಗೀರು ಬಿದ್ದರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸಾಕು ಎಂಬ ಸಲಹೆ ಮನೆ ಮನೆಗಳಲ್ಲಿ ಕೇಳಿಬರುತ್ತದೆ. ಈ ಸಲಹೆ ಸುಳ್ಳಲ್ಲ. ಆದರೆ ಅದು ಒಂದು ಜಾತಿಯ ಗಾಜಿಗೆ ಮಾತ್ರ ನಿಜ. ಎರಡನೆಯ ಜಾತಿಯ ಗಾಜಿನ ಮೇಲೆ ಅದೇ ಟೂತ್‌ಪೇಸ್ಟ್ ಅರ್ಧ ಗಂಟೆಯ ವ್ಯರ್ಥ ಶ್ರಮ. ಲೇಪನವುಳ್ಳ ಗಾಜಿನ ಮೇಲಾದರೋ, ಇದ್ದ ಒಂದು ಗೀರಿನ ಜೊತೆಗೆ ಇನ್ನಷ್ಟು ಗೀರುಗಳನ್ನು ತಾನಾಗಿಯೇ ಎಳೆದುಕೊಳ್ಳುವ ಅಪಾಯ.

ಸಮಯ ನೋಡಲು ಮೊಬೈಲ್ ಫೋನ್ ಇರುವಾಗ ವಾಚಿನ ಗಾಜಿನ ಬಗ್ಗೆ ಇಷ್ಟೊಂದು ಚರ್ಚೆ ಏಕೆ ಎಂಬ ಪ್ರಶ್ನೆ ಏಳಬಹುದು. ಕೈಗಡಿಯಾರ ಇಂದು ಕೇವಲ ಸಮಯ ನೋಡುವ ಸಾಧನವಾಗಿ ಉಳಿದಿಲ್ಲ. ಕರ್ನಾಟಕದ ಸಾವಿರಾರು ಮನೆಗಳ ಬೀರುಗಳಲ್ಲಿ ಅಪ್ಪನದೋ ಅಜ್ಜನದೋ ಎಚ್‌ಎಂಟಿ ವಾಚು ಇದೆ. ಕೀಲಿ ಕೊಟ್ಟರೆ ಇಂದಿಗೂ ಓಡುವ, ಆದರೆ ಗಾಜು ಮಸುಕಾಗಿ ಮುಳ್ಳುಗಳೇ ಕಾಣದ ಸ್ಥಿತಿ ಅದರದು. ಇನ್ನೊಂದೆಡೆ, ತಿಂಗಳ ಸಂಬಳಕ್ಕೂ ಮಿಕ್ಕಿದ ಬೆಲೆ ತೆತ್ತು ಕೊಂಡ ವಾಚಿನ 'ಗೀರೇ ಬೀಳದ' ಗಾಜಿನ ಮೇಲೆ ಗೀರು ಕಂಡು ಕಂಗಾಲಾಗುವವರಿದ್ದಾರೆ. ಇಬ್ಬರೂ ಮಾಡುವ ತಪ್ಪು ಒಂದೇ. ಗೀರು ಯಾವ ವಸ್ತುವಿನ ಮೇಲೆ ಬಿದ್ದಿದೆ ಎಂದು ತಿಳಿಯುವ ಮೊದಲೇ ಉಜ್ಜಲು ಆರಂಭಿಸುವುದು.

ಮೂರು ಜಾತಿ, ಒಂದೇ ಹೆಸರು

ವಾಚಿನ ಮುಖವನ್ನು ಮುಚ್ಚುವ ಪಾರದರ್ಶಕ ಹೊದಿಕೆಯನ್ನು ನಾವು ಗಾಜು ಎನ್ನುತ್ತೇವೆ. ಕಂಪೆನಿಗಳ ಕೈಪಿಡಿಗಳಲ್ಲಿ ಅದು 'ಕ್ರಿಸ್ಟಲ್', ಅಂದರೆ ಸ್ಫಟಿಕ. ಈ ಎರಡೂ ಹೆಸರುಗಳು ಪೂರ್ತಿ ಸರಿಯಲ್ಲ. ಬಳಕೆಯಲ್ಲಿರುವ ಮೂರು ಬಗೆಗಳಲ್ಲಿ ಒಂದು ಪ್ಲಾಸ್ಟಿಕ್, ಒಂದು ನಿಜವಾದ ಗಾಜು, ಮತ್ತೊಂದು ಮಾತ್ರ ನಿಜವಾದ ಸ್ಫಟಿಕ.

ಮೊದಲನೆಯದು ಅಕ್ರಿಲಿಕ್. ಇದು 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಪಾರದರ್ಶಕ ಪ್ಲಾಸ್ಟಿಕ್. ಇಪ್ಪತ್ತನೆಯ ಶತಮಾನದ ಬಹುಪಾಲು ಕೈಗಡಿಯಾರಗಳ ಮುಖದ ಮೇಲೆ ಇದ್ದದ್ದು ಇದೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಜನತಾ, ಪೈಲಟ್ ಮೊದಲಾದ ಕೀಲಿ ವಾಚುಗಳ ಗುಮ್ಮಟಾಕಾರದ ಹೊದಿಕೆ ಅಕ್ರಿಲಿಕ್‌ನದು. ಉಗುರಿಗಿಂತ ಸ್ವಲ್ಪ ಗಟ್ಟಿ ಅಷ್ಟೇ. ಬಲು ಬೇಗ ಗೀರು ಬೀಳುತ್ತದೆ. ಆದರೆ ನೆಲಕ್ಕೆ ಬಿದ್ದರೆ ಚೂರುಚೂರಾಗಿ ಸಿಡಿಯುವುದಿಲ್ಲ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1965ರಲ್ಲಿ ಗಗನಯಾತ್ರಿಗಳಿಗಾಗಿ ಒಪ್ಪಿದ, 1969ರಲ್ಲಿ ಚಂದ್ರನ ಮೇಲೆ ಓಡಾಡಿ ಬಂದ ಒಮೆಗಾ ಸ್ಪೀಡ್‌ಮಾಸ್ಟರ್ ವಾಚಿನ ಮುಖದ ಮೇಲಿದ್ದದ್ದೂ ಇದೇ ಪ್ಲಾಸ್ಟಿಕ್. ಒಮೆಗಾ ಅದನ್ನು ಹೆಸಲೈಟ್ ಎಂದು ಕರೆಯುತ್ತದೆ. ತೂಕವಿಲ್ಲದೆ ಎಲ್ಲವೂ ತೇಲುವ ಗಗನನೌಕೆಯೊಳಗೆ ಗಾಜಿನ ಚೂರುಗಳು ಹಾರಾಡುವುದನ್ನು ಊಹಿಸಿಕೊಂಡರೆ ಪ್ಲಾಸ್ಟಿಕ್‌ನ ಲಾಭ ಅರ್ಥವಾದೀತು. 'ಪ್ಲಾಸ್ಟಿಕ್ ಗಾಜು' ಎಂದು ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು ಮಿನರಲ್ ಗ್ಲಾಸ್. ಹೆಸರು ದೊಡ್ಡದಾದರೂ ಇದು ಕಿಟಕಿ ಗಾಜಿನ ಸೋದರಸಂಬಂಧಿಯೇ. ಕಾಯಿಸಿ ತಣಿಸಿ ಅಥವಾ ರಾಸಾಯನಿಕ ವಿಧಾನದಿಂದ ಅದರ ಮೇಲ್ಮೈಯನ್ನು ಗಟ್ಟಿಗೊಳಿಸಲಾಗಿರುತ್ತದೆ. ಸೀಕೊ ಕಂಪೆನಿಯ ಹಾರ್ಡ್‌ಲೆಕ್ಸ್ ಈ ಗುಂಪಿಗೇ ಸೇರಿದ್ದು. ಮಧ್ಯಮ ಬೆಲೆಯ ಕ್ವಾರ್ಟ್ಜ್ ವಾಚುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮಿನರಲ್ ಗಾಜೇ.

ಮೂರನೆಯದು ಸಫೈರ್, ಅಂದರೆ ನೀಲಮಣಿ. ಉಂಗುರದಲ್ಲಿ ಧರಿಸುವ ನೀಲಿ ಹರಳಿನ ವಸ್ತುವೇ ಇದು. ಬಣ್ಣ ತರುವ ಕಲ್ಮಶಗಳಿಲ್ಲದ ಕಾರಣ ನೀರಿನಂತೆ ನಿರ್ಮಲವಾಗಿರುತ್ತದೆ. ಭೂಮಿಯಿಂದ ಅಗೆದದ್ದಲ್ಲ, ಕಾರ್ಖಾನೆಯಲ್ಲಿ ಬೆಳೆಸಿದ್ದು. ಅಲ್ಯೂಮಿನಿಯಂ ಆಕ್ಸೈಡ್‌ನ ಅತಿ ನಯವಾದ ಪುಡಿಯನ್ನು ಜಲಜನಕ ಮತ್ತು ಆಮ್ಲಜನಕದ ಜ್ವಾಲೆಯ ಮೂಲಕ ಉದುರಿಸಿ, 2,000 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಶಾಖದಲ್ಲಿ ಕರಗಿಸಿ, ಹನಿ ಹನಿಯಾಗಿ ದಿಂಡಿನಂತೆ ಬೆಳೆಸುವ ವಿಧಾನವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಅಗಸ್ಟ್ ವರ್ನ್ಯೂಯಿ 1902ರಲ್ಲಿ ಪ್ರಕಟಿಸಿದರು. ಆ ದಿಂಡನ್ನು ವಜ್ರದ ಗರಗಸದಿಂದ ಬಿಲ್ಲೆಗಳಾಗಿ ಕೊಯ್ದು, ವಜ್ರದ ಪುಡಿಯಿಂದಲೇ ಹೊಳಪು ಕೊಡಲಾಗುತ್ತದೆ.

ಈ ಖನಿಜದ ಕುಟುಂಬದ ಹೆಸರು ಕೊರಂಡಮ್. ಆ ಹೆಸರಿನ ಬೇರು ದಕ್ಷಿಣ ಭಾರತದ ನುಡಿಗಳಲ್ಲಿದೆ. ಸಂಸ್ಕೃತದ ಕುರುವಿಂದವೂ ಇದಕ್ಕೆ ಸಂಬಂಧಿಸಿದ ಪದವೇ. ಇನ್ನೊಂದು ಸ್ವಾರಸ್ಯವೂ ಇದೆ. ಹಳೆಯ ಎಚ್‌ಎಂಟಿ ಜನತಾದ ಡಯಲಿನ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುವುದನ್ನು ಹಲವರು ಗಮನಿಸಿರಬಹುದು. ಯಂತ್ರದ ಚಕ್ರಗಳ ಅಚ್ಚುಗಳು ಸವೆಯದಂತೆ ಕೂರಿಸಿದ ಆ ಕೃತಕ ಮಾಣಿಕ್ಯಗಳೂ ಕೊರಂಡಮ್ಮೇ. ಹೊರಗೆ ಮೆದು ಪ್ಲಾಸ್ಟಿಕ್, ಒಳಗೆ ಮಾಣಿಕ್ಯ!

ಗೀರುವುದು ಲೋಹವಲ್ಲ, ಧೂಳು

ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ 1ರಿಂದ 10ರವರೆಗಿನ ಗಡಸುತನದ ಮಾಪನ ಇಂದಿಗೂ ಬಳಕೆಯಲ್ಲಿದೆ. ಹೆಚ್ಚು ಅಂಕದ ವಸ್ತು ಕಡಿಮೆ ಅಂಕದ್ದನ್ನು ಗೀರಬಲ್ಲದು ಎಂಬುದೇ ಅದರ ತತ್ವ. ಅಕ್ರಿಲಿಕ್‌ಗೆ ಸುಮಾರು 3, ಮಿನರಲ್ ಗಾಜಿಗೆ ಐದೂವರೆಯಿಂದ 6, ಸಫೈರ್‌ಗೆ 9, ವಜ್ರಕ್ಕೆ 10. ಬೆಣಚುಕಲ್ಲಿನ ಅಂಕ 7.

ಈ ಕೊನೆಯ ಅಂಕಿಯಲ್ಲಿಯೇ ಗುಟ್ಟು ಅಡಗಿದೆ. ಮರಳಿನಲ್ಲಿ, ಗಾರೆ ಗೋಡೆಯಲ್ಲಿ, ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ, ರಸ್ತೆಯ ಧೂಳಿನಲ್ಲಿ ಬೆಣಚಿನ ಕಣಗಳಿರುತ್ತವೆ. ಚಾಕು, ಬೀಗದ ಕೈ, ಬಾಗಿಲ ಹಿಡಿಕೆಗಳಿಗಿಂತ ಈ ಕಣಗಳೇ ಮಿನರಲ್ ಗಾಜಿನ ನಿಜವಾದ ಶತ್ರುಗಳು. ಧೂಳು ಹಿಡಿದ ಗಾಜನ್ನು ಅಂಗಿಯ ತೋಳಿನಿಂದ ಒಣಗಿದಂತೆಯೇ ಉಜ್ಜುವ ಅಭ್ಯಾಸ ಬಹಳಷ್ಟು ಮಂದಿಗಿದೆ. ಒರೆಸುವ ಹೆಸರಿನಲ್ಲಿ ಮರಳು ಉಜ್ಜುವ ಕೆಲಸ ಇದು. ದ್ವಿಚಕ್ರ ವಾಹನದಲ್ಲಿ ಊರು ಸುತ್ತಿ ಬಂದವರು ಮೊದಲು ಊದಿ ಅಥವಾ ಒದ್ದೆ ಬಟ್ಟೆಯಿಂದ ಧೂಳು ತೆಗೆದು ಬಳಿಕ ಒರೆಸಿದರೆ ಅರ್ಧದಷ್ಟು ಗೀರುಗಳು ಹುಟ್ಟುವುದೇ ಇಲ್ಲ.

ಸಫೈರನ್ನು ಬೆಣಚು ಗೀರಲಾರದು. ಆದರೆ ವಜ್ರದ ಉಂಗುರ ಗೀರಬಲ್ಲದು. ಸ್ಯಾಂಡ್ ಪೇಪರ್ ಮತ್ತು ಸಾಣೆಕಲ್ಲುಗಳಲ್ಲಿರುವ ಸಿಲಿಕಾನ್ ಕಾರ್ಬೈಡ್ ಕೂಡ ಗೀರಬಲ್ಲದು. ಉಗುರು ಉಜ್ಜುವ ಎಮರಿ ಪಟ್ಟಿಯಲ್ಲಿ ಇರುವುದು ಸಫೈರ್‌ನ ಬಂಧುವೇ ಆದ ಕೊರಂಡಮ್ ಪುಡಿ. ಗಟ್ಟಿಯಾಗಿರುವುದು ಬೇರೆ, ಒಡೆಯದಿರುವುದು ಬೇರೆ ಎಂಬುದನ್ನೂ ಮರೆಯುವಂತಿಲ್ಲ. ಕಲ್ಲು ನೆಲದ ಮೇಲೆ ಅಂಚು ತಾಗುವಂತೆ ಬಿದ್ದರೆ ಸಫೈರ್ ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಗಾಜಿಗೆ ಪಾಲಿಶ್ ಎಂಬ ಚಿಕಿತ್ಸೆ ಇಲ್ಲ.

ಗುರುತಿಸುವುದು ಹೇಗೆ?

ವಾಚಿನ ಹಿಂಬದಿಯ ಮುಚ್ಚಳವನ್ನು ಓದುವುದು ಮೊದಲ ಕೆಲಸ. 'ಮಿನರಲ್ ಕ್ರಿಸ್ಟಲ್', 'ಸಫೈರ್ ಕ್ರಿಸ್ಟಲ್' ಎಂದು ಹಲವು ಕಂಪೆನಿಗಳು ಅಲ್ಲಿ ಕೊರೆದಿರುತ್ತವೆ. 'ಸಫೈರ್ ಕೋಟೆಡ್' ಎಂದಿದ್ದರೆ ಎಚ್ಚರ ಬೇಕು. ಅದು ಮಿನರಲ್ ಗಾಜಿನ ಮೇಲಿನ ತೆಳು ಪದರವೇ ಹೊರತು ಸಫೈರ್ ಗಾಜಲ್ಲ. ಒಮ್ಮೆ ಆ ಪದರ ದಾಟಿ ಗೀರು ಇಳಿದರೆ ಉಜ್ಜಿ ಸರಿಪಡಿಸಲು ಏನೂ ಉಳಿದಿರುವುದಿಲ್ಲ.

ಬರಹವಿಲ್ಲದಿದ್ದರೆ ಸ್ಪರ್ಶ ನೆರವಾಗುತ್ತದೆ. ಉಗುರಿನಿಂದ ಮೆಲ್ಲನೆ ತಟ್ಟಿದಾಗ ಅಕ್ರಿಲಿಕ್ ಮಂದವಾದ ಶಬ್ದ ಮಾಡುತ್ತದೆ, ಮುಟ್ಟಿದರೆ ಬೆಚ್ಚಗೆನಿಸುತ್ತದೆ. ಹೆಚ್ಚಾಗಿ ಗುಮ್ಮಟದಂತೆ ಉಬ್ಬಿರುತ್ತದೆ ಮತ್ತು ಕೂದಲೆಳೆಯಂತಹ ಗೀರುಗಳ ಜಾಲವೇ ಅದರ ಮೇಲಿರುತ್ತದೆ. ಮಿನರಲ್ ಮತ್ತು ಸಫೈರ್ ಎರಡೂ ತಣ್ಣಗಿರುತ್ತವೆ, ಶಬ್ದವೂ ಖಣಖಣ. ಇವೆರಡನ್ನು ಬೇರ್ಪಡಿಸಲು ಬಾಯಿಂದ ಆವಿ ಊದಿ ನೋಡಬಹುದು. ಸಫೈರ್ ಗಾಜಿಗಿಂತ ಹಲವು ಪಟ್ಟು ಬೇಗ ಶಾಖವನ್ನು ಸಾಗಿಸುವುದರಿಂದ ಅದರ ಮೇಲಿನ ಮಬ್ಬು ಬೇಗ ಮಾಯವಾಗುತ್ತದೆ. ಗೊತ್ತಿರುವ ಇನ್ನೊಂದು ವಾಚನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನೀರಿನ ಹನಿ ಇಟ್ಟು ನೋಡುವ ಪರೀಕ್ಷೆ ಜನಪ್ರಿಯವಾದರೂ, ಜಿಡ್ಡು ಅಥವಾ ಲೇಪನ ಇದ್ದರೆ ಅದು ದಾರಿ ತಪ್ಪಿಸುತ್ತದೆ. ಸೂಜಿ ಅಥವಾ ಬ್ಲೇಡಿನಿಂದ ಮೂಲೆಯಲ್ಲಿ ಕೆರೆದು ನೋಡುವ 'ಪರೀಕ್ಷೆ'ಯಂತೂ ರೋಗ ಪತ್ತೆಗಾಗಿ ರೋಗಿಯನ್ನೇ ಗಾಯಗೊಳಿಸಿದಂತೆ.

ಗೀರು ಗಾಜಿನದೋ, ಲೇಪನದ್ದೋ?

ದುಬಾರಿ ವಾಚುಗಳ ಮಾಲೀಕರು ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿ. ಇದನ್ನು ಅರಿಯಲು ಬೆಳಕಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕಾಗುತ್ತದೆ.

ಗಾಳಿಯಿಂದ ಗಾಜಿನೊಳಕ್ಕೆ ಹೋಗುವ ಬೆಳಕಿನ ಒಂದು ಪಾಲು ಮೇಲ್ಮೈಯಲ್ಲೇ ಪ್ರತಿಫಲಿಸಿ ಹಿಂದಿರುಗುತ್ತದೆ. ಒಳಮೈಯಿಂದ ಹೊರಬರುವಾಗಲೂ ಹೀಗೆಯೇ. ಮಿನರಲ್ ಗಾಜಿನಲ್ಲಿ ಎರಡೂ ಮೈಗಳಿಂದ ಸೇರಿ ಸುಮಾರು ಶೇ 8ರಷ್ಟು ಬೆಳಕು ಹೀಗೆ ಹಿಂದಿರುಗುತ್ತದೆ. ಸಫೈರ್ ಬೆಳಕನ್ನು ಹೆಚ್ಚು ಬಾಗಿಸುವ ವಸ್ತುವಾದ್ದರಿಂದ ಅದರಲ್ಲಿ ಈ ಪ್ರಮಾಣ ಶೇ 14ಕ್ಕೂ ಹೆಚ್ಚು. ಬಿಸಿಲಿಗೆ ಹಿಡಿದರೆ ಸಮಯದ ಬದಲು ಆಕಾಶವೇ ಕಾಣುವುದು ಇದರಿಂದಾಗಿ. ಗೀರು ಬೀಳದ ಗಾಜು ಕೊಟ್ಟ ಕಂಪೆನಿಗಳಿಗೆ ಹೊಳಪಿನ ಹೊಸ ತಲೆನೋವು ಎದುರಾಯಿತು.

ಅದಕ್ಕೆ ಮದ್ದು ಕ್ಯಾಮೆರಾ ಮಸೂರಗಳ ಲೋಕದಿಂದ ಬಂತು. ಜರ್ಮನಿಯ ಝೈಸ್ ಕಂಪೆನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಪೇಟೆಂಟ್ ಪಡೆದ ತಂತ್ರವದು. ನಿರ್ವಾತ ಕೋಣೆಯಲ್ಲಿ ಮೆಗ್ನೀಸಿಯಂ ಫ್ಲೋರೈಡ್‌ನಂತಹ ವಸ್ತುವನ್ನು ಆವಿಯಾಗಿಸಿ ಗಾಜಿನ ಮೇಲೆ ಅತಿ ತೆಳುವಾದ ಪದರವಾಗಿ ಕೂರಿಸಲಾಗುತ್ತದೆ. ಪದರದ ಮೇಲ್ಮೈಯಿಂದ ಮತ್ತು ತಳದಿಂದ ಹಿಂದಿರುಗುವ ಬೆಳಕಿನ ಅಲೆಗಳು ಒಂದರ ಏರು ಇನ್ನೊಂದರ ಇಳಿಯಾಗಿ ಪರಸ್ಪರ ಅಳಿಸಿಹೋಗುವಂತೆ ದಪ್ಪವನ್ನು ಲೆಕ್ಕಹಾಕಿರುತ್ತಾರೆ. ಆ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ತಲೆಗೂದಲು ಇದಕ್ಕಿಂತ ನೂರಾರು ಪಟ್ಟು ದಪ್ಪ. ಇಂದಿನ ಲೇಪನಗಳಲ್ಲಿ ಇಂತಹ ಹಲವು ಪದರಗಳನ್ನು ಒಂದರ ಮೇಲೊಂದು ಕೂರಿಸುವುದೂ ಉಂಟು.

ಸಫೈರ್ ಗಾಜಿನ ಗಡಸುತನ 9 ಆದರೂ ಅದರ ಮೇಲೆ ಕುಳಿತ ಮೆಗ್ನೀಸಿಯಂ ಫ್ಲೋರೈಡ್‌ನ ಗಡಸುತನ ಸುಮಾರು 6. ಬೀದಿಯ ಬೆಣಚು ಕಣ ಸಫೈರನ್ನು ಮುಟ್ಟಲಾರದು, ಲೇಪನವನ್ನು ಸಲೀಸಾಗಿ ಗೀರುತ್ತದೆ. ಹಾಗಾಗಿಯೇ ಹಲವು ಕಂಪೆನಿಗಳು ಲೇಪನವನ್ನು ಕೈಗೆಟುಕದ ಒಳಮೈಗೆ ಮಾತ್ರ ಹಚ್ಚುತ್ತವೆ. ಕೆಲವು ಕಂಪೆನಿಗಳು ಎರಡೂ ಮೈಗೆ ಹಚ್ಚುತ್ತವೆ. ಗಾಜೇ ಇಲ್ಲವೇನೋ ಎಂಬಷ್ಟು ಸ್ಪಷ್ಟವಾಗಿ ಡಯಲ್ ಕಾಣುತ್ತದೆ, ಆದರೆ ವರ್ಷ ಕಳೆಯುವುದರೊಳಗೆ ಹೊರಮೈಯಲ್ಲಿ ಗೆರೆಗಳು ಮೂಡಬಹುದು. ಗಡಸು ಪದರಗಳ ಹೊಸ ಲೇಪನಗಳು ಬಂದ ಮೇಲೆ ಈ ದೂರು ತಗ್ಗಿದೆಯಾದರೂ ಅಳಿದಿಲ್ಲ.

ಲೇಪನ ಇದೆಯೇ ಎಂದು ಪತ್ತೆ ಮಾಡುವುದು ಸುಲಭ. ಟ್ಯೂಬ್‌ಲೈಟ್ ಕೆಳಗೆ ವಾಚನ್ನು ಓರೆಯಾಗಿ ಹಿಡಿದರೆ ದೀಪದ ಪ್ರತಿಬಿಂಬ ಎರಡಾಗಿ ಕಾಣುತ್ತದೆ. ಒಂದು ಹೊರಮೈಯದು, ಇನ್ನೊಂದು ಒಳಮೈಯದು. ಎರಡೂ ಬೆಳ್ಳಗಿದ್ದರೆ ಲೇಪನವಿಲ್ಲ. ಒಂದು ಬಿಳಿ, ಇನ್ನೊಂದು ನೀಲಿಯೋ ನೇರಳೆಯೋ ಆಗಿ ಮಂಕಾಗಿದ್ದರೆ ಒಂದು ಮೈಗೆ ಮಾತ್ರ ಲೇಪನ. ಎರಡಕ್ಕೂ ಬಣ್ಣವಿದ್ದರೆ ಎರಡೂ ಮೈಗೆ. ಯಾವುದು ಹೊರಮೈಯದೆಂಬ ಗೊಂದಲವಾದರೆ ಹಲ್ಲುಕಡ್ಡಿಯ ತುದಿಯನ್ನು ಗಾಜಿಗೆ ತಾಗಿಸಿ ನೋಡಬೇಕು. ತುದಿಗೆ ಅಂಟಿಕೊಂಡಂತೆ ಕಾಣುವ ಬಿಂಬ ಹೊರಮೈಯದು.

ಈಗ ಗೀರಿನ ಪರೀಕ್ಷೆ. ಉಗುರನ್ನು ಅಡ್ಡಲಾಗಿ ಎಳೆದಾಗ ತಡೆದಂತಾದರೆ ಗಾಜಿಗೇ ಪೆಟ್ಟಾಗಿದೆ. ಉಗುರು ನುಣುಪಾಗಿ ಜಾರಿಹೋಗಿ, ನೇರವಾಗಿ ನೋಡಿದಾಗ ಗೆರೆ ಮಾಯವಾಗಿ, ಓರೆ ಮಾಡಿದಾಗ ಮಾತ್ರ ನೀಲಿ ಛಾಯೆಯ ನಡುವೆ ಬಿಳಿ ಗೆರೆಯಾಗಿ ಮಿನುಗಿದರೆ ಅದು ಲೇಪನದ ಗೀರು. ಪದರ ಹರಿದ ಜಾಗದಲ್ಲಿ ಬರಿ ಸಫೈರ್ ತನ್ನ ಸಹಜ ಹೊಳಪನ್ನು ತೋರುತ್ತಿದೆ, ಅಷ್ಟೇ.

ಮೂರನೆಯ ಸಾಧ್ಯತೆಯೂ ಇದೆ. ಅದನ್ನು ನೆನಪಿಸಿಕೊಳ್ಳುವವರು ಕಡಿಮೆ. ಕಬ್ಬಿಣದ ಗೇಟಿಗೋ ಅಲ್ಯೂಮಿನಿಯಂ ಕಿಟಕಿಗೋ ವಾಚು ತಾಗಿದಾಗ ಬೂದು ಬಣ್ಣದ ಗೆರೆ ಮೂಡಿದರೆ ಅದು ಗೀರಾಗಿರಬೇಕಿಲ್ಲ. ಸಫೈರ್ ಆ ಲೋಹಕ್ಕಿಂತ ಎಷ್ಟೋ ಗಟ್ಟಿ. ಗೀರು ಬಿದ್ದಿರುವುದು ಗೇಟಿಗೆ. ಅದರ ಲೋಹ ಸೀಸದ ಕಡ್ಡಿಯ ಗೆರೆಯಂತೆ ಗಾಜಿಗೆ ಮೆತ್ತಿಕೊಂಡಿದೆ. ಒದ್ದೆ ಬಟ್ಟೆಯಿಂದ ಧೂಳು ತೆಗೆದು, ಮಕ್ಕಳು ಬಳಸುವ ಮೆದು ರಬ್ಬರಿನಿಂದ ಹಗುರವಾಗಿ ಉಜ್ಜಿದರೆ ಎಷ್ಟೋ 'ಗೀರು'ಗಳು ಹೊರಟುಹೋಗುತ್ತವೆ. ಗಾಜು ಬದಲಿಸಲು ಅಂಗಡಿಗೆ ಓಡುವ ಮುನ್ನ ಇದನ್ನೊಮ್ಮೆ ಮಾಡಿ ನೋಡುವುದರಿಂದ ನಷ್ಟವೇನಿಲ್ಲ.

ನಿಜಕ್ಕೂ ಲೇಪನವೇ ಗೀರಿದ್ದರೆ ಮುಂದೇನು? ಆ ಗೀರನ್ನು ಮಾತ್ರ ತುಂಬುವ ಉಪಾಯವಿಲ್ಲ. ಮತ್ತೆ ಲೇಪನ ಹಚ್ಚಲು ಗಾಜನ್ನು ಕಳಚಿ ನಿರ್ವಾತ ಕೋಣೆಗೆ ಒಯ್ಯಬೇಕು. ಅದು ಊರ ವಾಚ್ ರಿಪೇರಿ ಅಂಗಡಿಯ ಕೆಲಸವಲ್ಲ. ಉಳಿದ ದಾರಿ ಎಂದರೆ ಹೊರಮೈಯ ಲೇಪನವನ್ನು ಪೂರ್ತಿಯಾಗಿ ತೆಗೆದುಬಿಡುವುದು. ಒಂದು ಮೈಕ್ರಾನ್ ಅಥವಾ ಅದಕ್ಕಿಂತ ನಯವಾದ ವಜ್ರದ ಪೇಸ್ಟಿನಿಂದ ನಿಧಾನವಾಗಿ ಉಜ್ಜಿದರೆ ಲೇಪನ ಸವೆದು ಕೆಳಗಿನ ಸಫೈರ್ ಹೊರಬರುತ್ತದೆ. ಹೀಗೆ ಮಾಡಿದರೆ ವಾಚು ಕೆಟ್ಟಂತೆ ಎಂದು ಹೆದರಬೇಕಾಗಿಲ್ಲ. ಒಳಮೈಯ ಲೇಪನ ಉಳಿದಿದ್ದರೆ ಆಗಿನ ಪ್ರತಿಫಲನ ಸುಮಾರು ಶೇ 8. ಅಂದರೆ ಲೇಪನವಿಲ್ಲದ ಸಾಧಾರಣ ಮಿನರಲ್ ಗಾಜಿನಷ್ಟು. ಆದರೆ ಅರ್ಧಂಬರ್ಧ ತೆಗೆದರೆ ಎಣ್ಣೆ ಚೆಲ್ಲಿದ ನೀರಿನಂತೆ ಬಣ್ಣಬಣ್ಣದ ಮಚ್ಚೆಗಳು ಉಳಿಯುತ್ತವೆ. ತಾಳ್ಮೆಯಿಲ್ಲದವರು ಇದಕ್ಕೆ ಕೈ ಹಾಕದಿರುವುದೇ ಲೇಸು. ವಾರಂಟಿ ಅವಧಿಯಲ್ಲಿರುವ ವಾಚಿಗಂತೂ ಈ ಪ್ರಯೋಗ ಸಲ್ಲದು.

ಸ್ಮಾರ್ಟ್‌ವಾಚುಗಳಲ್ಲಿ ಇನ್ನೊಂದು ಬಗೆಯ ಲೇಪನವಿದೆ. ಬೆರಳಿನ ಜಿಡ್ಡು ಹಿಡಿಯದಂತೆ ತಡೆಯುವ ಅದು ಬಳಸಿದಂತೆಲ್ಲ ತಾನಾಗಿಯೇ ಸವೆಯುತ್ತದೆ. ಅಲ್ಲಿ ಗಾಜು ಪರದೆಗೇ ಅಂಟಿಕೊಂಡಿರುವುದರಿಂದ ಗಾಜು ಬದಲಿಸುವುದೆಂದರೆ ಬಹುತೇಕ ಪರದೆಯನ್ನೇ ಬದಲಿಸಿದಂತೆ. ಉಜ್ಜುವ ಸಾಹಸಕ್ಕಿಂತ ಮೊದಲ ದಿನವೇ ಸ್ಕ್ರೀನ್ ಗಾರ್ಡ್ ಅಂಟಿಸುವುದು ಜಾಣತನ.

ಅಕ್ರಿಲಿಕ್: ಮನೆಯಲ್ಲೇ ಮಾಡಬಹುದಾದ ಕೆಲಸ

ಬೀರುವಿನ ಎಚ್‌ಎಂಟಿಗೆ ಮರಳೋಣ. ಬೇಗ ಗೀರು ಬೀಳುವ ಅಕ್ರಿಲಿಕ್‌ನ ದೌರ್ಬಲ್ಯವೇ ಅದರ ವರವೂ ಹೌದು. ಮೆದುವಾದ್ದರಿಂದ ಗೀರಿನ ಸುತ್ತಲಿನ ಮೈಯನ್ನು ಗೀರಿನ ತಳದವರೆಗೆ ಸವೆಸಿ ಮತ್ತೆ ನುಣುಪುಗೊಳಿಸುವುದು ಸುಲಭ. ಟೂತ್‌ಪೇಸ್ಟಿನಲ್ಲಿರುವ ಸುಣ್ಣದ ಪುಡಿ ಅಥವಾ ಸಿಲಿಕಾ ಮಾಡುವ ಕೆಲಸ ಇದೇ. ಮಿನರಲ್ ಗಾಜಿನ ಮುಂದೆ ಈ ಮೆದು ಪುಡಿಯ ಆಟ ನಡೆಯದು.

ಕೆಲಸಕ್ಕೆ ಮುನ್ನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ ಧೂಳಿನ ಕಣಗಳನ್ನು ತೆಗೆಯಬೇಕು. ನಲ್ಲಿಯ ಕೆಳಗೆ ಹಿಡಿಯಕೂಡದು. ಹಳೆಯ ವಾಚುಗಳ ಅಂಚಿನಲ್ಲಿ ರಬ್ಬರ್ ಬಳೆ ಇರುವುದಿಲ್ಲ, ಇದ್ದರೂ ಗಡುಸಾಗಿ ಬಿರಿದಿರುತ್ತದೆ. ನೀರು ನೇರವಾಗಿ ಡಯಲಿಗೆ ಇಳಿಯುತ್ತದೆ. ಗಾಜು ಬದಲಾಯಿಸಬಹುದು, ಕಲೆ ಬಿದ್ದ ಡಯಲನ್ನು ಮೊದಲಿನಂತೆ ಮಾಡಲಾಗದು. ಕೇಸಿನ ಸುತ್ತ ಗಾಜಿನ ಅಂಚಿನವರೆಗೆ ಅಂಟುಪಟ್ಟಿ ಸುತ್ತುವುದನ್ನೂ ಮರೆಯಬಾರದು. ಚಿನ್ನದ ಲೇಪವಿರುವ ಕೇಸಿಗೆ ಪಾಲಿಶ್ ತಾಗಿದರೆ ಗಾಜಿನ ಗೀರಿನ ಜೊತೆಗೆ ಚಿನ್ನವೂ ಹೋಗುತ್ತದೆ.

ಬಟಾಣಿ ಕಾಳಿನ ಗಾತ್ರದ ಬಿಳಿ ಟೂತ್‌ಪೇಸ್ಟ್ ಅಥವಾ ಅಕ್ರಿಲಿಕ್‌ಗೆಂದೇ ಸಿಗುವ ಪಾಲಿವಾಚ್‌ನಂತಹ ಪೇಸ್ಟನ್ನು ಮೆದುವಾದ ಹತ್ತಿ ಬಟ್ಟೆಗೆ ಹಾಕಿ, ಹಗುರ ಒತ್ತಡದಲ್ಲಿ ನಾಲ್ಕೈದು ನಿಮಿಷ ವೃತ್ತಾಕಾರವಾಗಿ ಉಜ್ಜಬೇಕು. ಹಿತ್ತಾಳೆ ತಿಕ್ಕುವ ಬ್ರಾಸೊ ಬಳಸುವವರೂ ಇದ್ದಾರೆ. ಅದು ಕೆಲಸ ಮಾಡುತ್ತದೆ, ಆದರೆ ಅಂಚಿನ ಸಂದಿಯಲ್ಲಿ ಉಳಿಯದಂತೆ ಒರೆಸಿ ತೆಗೆಯಬೇಕಾಗುತ್ತದೆ. ಒಂದು ಸುತ್ತಿಗೆ ಹೋಗದಿದ್ದರೆ ಎರಡು, ಮೂರು ಸುತ್ತು. ಜೋರಾಗಿ ಒತ್ತಿದರೆ ಬೇಗ ಮುಗಿಯುತ್ತದೆ ಎಂಬುದು ಭ್ರಮೆ. ತಿಕ್ಕಾಟದ ಶಾಖಕ್ಕೆ ಪ್ಲಾಸ್ಟಿಕ್ ಮೆತ್ತಗಾಗಿ ಮೇಲ್ಮೈ ಇನ್ನಷ್ಟು ಕೆಡುತ್ತದೆ.

ಉಗುರು ಸಿಲುಕುವಷ್ಟು ಆಳದ ಗೀರಿಗೆ ಪೇಸ್ಟ್ ಸಾಲದು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ಸಿಗುವ ಹಾಳೆಗಳಲ್ಲಿ 800 ನಂಬರಿನಿಂದ ಆರಂಭಿಸಿ, 1200, ಬಳಿಕ 2000 ನಂಬರಿನ ಹಾಳೆಯನ್ನು ತುಸು ಒದ್ದೆ ಮಾಡಿ ಉಜ್ಜಬೇಕು. ಪ್ರತಿ ಹಾಳೆಯೂ ಹಿಂದಿನ ಹಾಳೆ ಬಿಟ್ಟ ಗೆರೆಗಳನ್ನು ಅಳಿಸಿದ ಬಳಿಕವೇ ಮುಂದಿನದಕ್ಕೆ ಹೋಗತಕ್ಕದ್ದು. ಈ ಹಂತದಲ್ಲಿ ಗಾಜು ಹಾಲಿನಂತೆ ಬೆಳ್ಳಗಾಗಿ ಏನೂ ಕಾಣದಂತಾಗುತ್ತದೆ. ಮೊದಲ ಬಾರಿ ಮಾಡುವವರ ಎದೆ ಧಸಕ್ಕೆನ್ನುವುದು ಇಲ್ಲಿಯೇ. ಕೊನೆಗೆ ಪೇಸ್ಟ್ ಹಚ್ಚಿ ಉಜ್ಜಿದಾಗ ಪಾರದರ್ಶಕತೆ ಮರಳುತ್ತದೆ. ಗೀರಿದ್ದ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ತಗ್ಗಾಗಿ ಅಂಕಿಗಳು ಸೊಟ್ಟಗೆ ಕಾಣುವುದರಿಂದ ಇಡೀ ಮೈಯನ್ನು ಸಮನಾಗಿ ಉಜ್ಜುವುದು ಅಗತ್ಯ. ತಾರೀಖಿನ ಮೇಲೆ ಭೂತಗನ್ನಡಿಯ ಉಬ್ಬು ಇರುವ ಗಾಜಿಗೆ ವಾಟರ್ ಪೇಪರ್ ತಾಗಿಸಲೇಬಾರದು.

ಸ್ಪಿರಿಟ್, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಇವೆಲ್ಲ ಅಕ್ರಿಲಿಕ್‌ಗೆ ವಿಷ. ಅವು ತಾಗಿದಾಗ ಮೈಯೊಳಗೆ ಜೇಡರ ಬಲೆಯಂತಹ ಸೂಕ್ಷ್ಮ ಬಿರುಕುಗಳು ಏಳುತ್ತವೆ. 2020ರ ಕೋವಿಡ್ ದಿನಗಳ ನಂತರ ಅಭ್ಯಾಸವಾಗಿರುವ ಆಲ್ಕೋಹಾಲ್ ಸ್ಯಾನಿಟೈಸರನ್ನು ವಾಚಿನ ಮೇಲೂ ಸವರುವವರು ಇದನ್ನು ಗಮನಿಸಬೇಕು. ಬಿರುಕು ಮೂಡಿದ ಅಥವಾ ವಯಸ್ಸಾಗಿ ಹಳದಿಗಟ್ಟಿದ ಅಕ್ರಿಲಿಕನ್ನು ಉಜ್ಜಿ ಫಲವಿಲ್ಲ, ಬದಲಿಸಬೇಕು.

ಮಿನರಲ್ ಗಾಜಿನ ಕಷ್ಟ

ನಿಜವಾದ ಗಾಜನ್ನು ಪಾಲಿಶ್ ಮಾಡುವ ವಸ್ತು ಸೀರಿಯಂ ಆಕ್ಸೈಡ್. ನೀರಿನಲ್ಲಿ ಕಲಸಿ ಫೆಲ್ಟ್ ಚಕ್ರದಿಂದ ಉಜ್ಜಿದರೆ ನವಿರಾದ ಗೆರೆಗಳು ಹೋಗುತ್ತವೆ. ಆದರೆ ಕೆಲಸ ಬಹು ನಿಧಾನ, ಗಾಜು ಬಿಸಿಯಾಗುತ್ತದೆ. ಆಳದ ಗೀರನ್ನು ತೆಗೆಯಲು ಹೊರಟರೆ ರಾಸಾಯನಿಕವಾಗಿ ಗಟ್ಟಿಗೊಳಿಸಿದ ಮೇಲ್ಪದರವೇ ಸವೆದು ಹೋಗಿ ಗಾಜು ಮೊದಲಿಗಿಂತ ದುರ್ಬಲವಾಗುತ್ತದೆ. ಸಫೈರ್‌ನ ನಿಜವಾದ ಗೀರಿಗೆ ವಜ್ರದ ಪೇಸ್ಟೇ ಬೇಕು, ಯಂತ್ರವೂ ನುರಿತ ಕೈಯೂ ಬೇಕು. ಎರಡೂ ಸಂದರ್ಭಗಳಲ್ಲಿ ಆಳದ ಗೀರಿಗೆ ಹೊಸ ಗಾಜೇ ಅಗ್ಗದ ದಾರಿ. ಮಿನರಲ್ ಗಾಜಿನ ಮಟ್ಟಿಗಂತೂ ಉಜ್ಜುವ ಶ್ರಮಕ್ಕೆ ಅರ್ಥವಿಲ್ಲವೆಂದೇ ಹೇಳಬೇಕು.

ಗಾಜು ಬದಲಿಸುವಾಗ

ಅಕ್ರಿಲಿಕ್ ಗಾಜನ್ನು ಉಗುರುಗಳಂತಹ ಹಿಡಿಕೆಯುಳ್ಳ ಉಪಕರಣದಿಂದ ಅಂಚಿನಲ್ಲಿ ಹಿಸುಕಿ, ಗಾತ್ರ ಕುಗ್ಗಿಸಿ ಕೂರಿಸುತ್ತಾರೆ. ಬಿಟ್ಟಾಗ ಅದು ಹಿಗ್ಗಿ ತಾನೇ ಬಿಗಿಯುತ್ತದೆ. ಮಿನರಲ್ ಮತ್ತು ಸಫೈರ್ ಗಾಜನ್ನು ಸಾಮಾನ್ಯವಾಗಿ ನೈಲಾನ್ ಬಳೆಯ ನಡುವೆ ಒತ್ತುಯಂತ್ರದಿಂದ ಕೂರಿಸಲಾಗುತ್ತದೆ. ಅಳತೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು ಕರಾರುವಾಕ್ಕಾಗಿರಬೇಕು. ಅಳತೆ ತಪ್ಪಿದ ಗಾಜನ್ನು ಕೆಲವರು ದಿಢೀರ್ ಅಂಟು ಹಾಕಿ ನಿಲ್ಲಿಸುವುದುಂಟು. ಅದರ ಆವಿ ಗಾಜಿನ ಒಳಮೈಯಲ್ಲೂ ಡಯಲಿನ ಮೇಲೂ ಬಿಳಿ ಮಬ್ಬಾಗಿ ಕೂರುತ್ತದೆ. 'ಫೆವಿಕ್ವಿಕ್ ಹಾಕಬೇಡಿ' ಎಂದು ಮೊದಲೇ ಹೇಳಿಬಿಡುವುದರಲ್ಲಿ ಸಂಕೋಚ ಬೇಡ.

ಒಳಮೈಗೆ ಲೇಪನವಿದ್ದ ಸಫೈರ್ ಗಾಜಿನ ಬದಲಿಗೆ ಲೇಪನವಿಲ್ಲದ ಸಫೈರ್ ಹಾಕಿದರೆ ಡಯಲ್ ಮೊದಲಿಗಿಂತ ಮಸುಕಾಗಿ ಕಾಣುತ್ತದೆ. ಸಫೈರ್ ಎಂದು ಹೇಳಿ ಮಿನರಲ್ ಹಾಕಿದರೂ ಬರಿಗಣ್ಣಿಗೆ ತಕ್ಷಣ ತಿಳಿಯದು. ಹಾಕುವ ಗಾಜಿನ ಜಾತಿ, ಲೇಪನದ ವಿವರಗಳನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದು ಕ್ಷೇಮ. ನೀರು ತಡೆಯುವ ವಾಚಾದರೆ ಗಾಜು ಹಾಕಿದ ಬಳಿಕ ಗಾಳಿಯ ಒತ್ತಡದ ಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಮೊದಲ ಮುಂಗಾರು ಮಳೆಗೇ ಗಾಜಿನ ಒಳಗೆ ಮಂಜು ಕಟ್ಟೀತು.

ಎಚ್‌ಎಂಟಿ ವಾಚುಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿದ ನಂತರ ಹಳೆಯ ಎಚ್‌ಎಂಟಿಗಳಿಗೆ ಸಂಗ್ರಾಹಕರ ಬೇಡಿಕೆ ಹೆಚ್ಚಿದೆ. ಹೊಸದಾಗಿ ಬಣ್ಣ ಬಳಿದು ಮುದ್ರಿಸಿದ ಡಯಲುಗಳ ವಾಚುಗಳೂ 'ಅಸಲಿ' ಹೆಸರಿನಲ್ಲಿ ಬಿಕರಿಯಾಗುತ್ತಿವೆ. ಗಾಜು ಬದಲಿಸಲು ಕೊಟ್ಟ ವಾಚಿಗೆ 'ಡಯಲನ್ನೂ ಹೊಸದು ಮಾಡಿಕೊಡುತ್ತೇವೆ' ಎಂಬ ಉತ್ಸಾಹದ ಮಾತು ಬಂದರೆ ನಯವಾಗಿ ಬೇಡವೆನ್ನಬೇಕು. ವಾಚು ಕೊಡುವ ಮೊದಲು ಡಯಲಿನ ಸ್ಪಷ್ಟ ಫೋಟೊ ತೆಗೆದಿಟ್ಟುಕೊಳ್ಳುವುದು, ಕಳಚಿದ ಹಳೆಯ ಗಾಜನ್ನು ಕೇಳಿ ವಾಪಸು ಪಡೆಯುವುದು ಎರಡೂ ಉಪಯುಕ್ತ. ಆ ಗಾಜು ಎಷ್ಟೇ ಗೀರಿದ್ದರೂ ಅದರ ಅಳತೆ ಮತ್ತು ಉಬ್ಬು ಮುಂದೊಮ್ಮೆ ಸರಿಯಾದ ಗಾಜು ಹುಡುಕುವಾಗ ಮಾದರಿಯಾಗಿ ಒದಗುತ್ತವೆ.